ಗಾಟ್ಲೋಬಣ್ಣನ ಅಟ್ಟದಲ್ಲಿ ವರ್ನಕ್ಕ

ಏ, ಆ ಕಡೆ ಫುಟ್‌ಪಾತಲ್ಲಿ ನಿಂತಿರೋರೆಲ್ಲ ಈ ಕಡೆ ಬನ್ರೋ! ಬೇಕರಿ ಮುಂದೆ ಕಾಯ್ತಿರೋರೂ ಬನ್ನಿ, ಬನ್ನು ಎಲ್ಲೂ ಓಡಿಹೋಗಲ್ಲ. ನಮ್ಮ ಚರ್ಚಿನ ಬ್ರಹ್ಮಚಾರಿಗಳಿದ್ದ ಹಳೇ ಅಣ್ಣಂದಿರ ಮನೆ ಅಟ್ಟದಲ್ಲಿ ದೆವ್ವ ಟ್ರಾಂಬೋನ್ ಅನ್ನೋ ಉದ್ದ ಕಹಳೆ ಊದತ್ತೆ ಅಂತ ಟಿಕೆಟ್ ತಗೊಂಡು ಕತ್ತೆತ್ತಿ ನೋಡಿದ್ರಲ್ಲ? ಆ ದೆವ್ವದ ಹೆಸರು ವರ್ನಾ ಕ್ನೌಸ್. ಕಸ ಗುಡಿಸೋ ವರ್ನಕ್ಕ.

ಪೆನ್ಸಿಲ್ವೇನಿಯಾದ ನಮ್ಮ ಏಂಗೆದೀಲಿ ವರ್ನಕ್ಕನ ಬೈಗುಳ ತಿನ್ನದ ಮಕ್ಕಳಿಲ್ಲ. ಸ್ಕೂಲ್ ಬಸ್ ಓಡಿಸ್ತಿದ್ಲು. ರಿಟೈರಾದ್ಮೇಲೆ ಅಣ್ಣಂದಿರ ಮನೆ ಗುಡಿಸಿ ಒರೆಸೋ ಕೆಲಸ, ಬೀಗದ ಕೈ ಅವಳ ಸೊಂಟದಲ್ಲೇ. ಗಂಡ ತೀರ್ಕೊಂಡ ಮೇಲೆ ಎದುರಿಗಿರೋ, ಹಿಂದೆ ಮದುವೆ ಆಗದ ಹೆಂಗಸರಿದ್ದ ಅಕ್ಕಂದಿರ ಮನೇಲಿ ರೂಮ್ ಮಾಡ್ಕೊಂಡಿದ್ಲು. ಪಕ್ಕದ ರೂಮಲ್ಲಿ ಓರ್ಫಕ್ಕ. ತೊಂಬತ್ತು ದಾಟಿದ ಮುದುಕಿ, ಮದುವೆ ಆಗದೇ ಉಳಿದೋರಲ್ಲಿ ಆ ಮನೇಲಿ ಕೊನೇಯೋಳು. ವರ್ನಕ್ಕನ ಗಂಡ ಸತ್ತಾಗ ಅವನಿಗೋಸ್ಕರ ಚರ್ಚ್ ಗೋಪುರದಿಂದ ಟ್ರಾಂಬೋನ್ ಊದಿದಾಗ, ಅವಳ ಕೈ ಹಿಡ್ಕೊಂಡು ಹಿಮದಲ್ಲಿ ನಿಂತಿದ್ದೋಳು ಇವಳೇ.

ಯಾರಾದ್ರೂ ಸತ್ರೆ ನಮ್ಮಲ್ಲಿ ಮೂರು ರಾಗ ಊದ್ತಾರಲ್ಲ. ಮೊದಲನೇದು, ಕೊನೇದು ಎಲ್ಲರಿಗೂ ಒಂದೇ. ಮಧ್ಯದ್ದು ಮಾತ್ರ ಬೇರೆ ಬೇರೆ. ಗಂಡ-ಹೆಂಡ್ತೀರಿಗೊಂದು, ವಿಧವೇರಿಗೊಂದು, ಮಕ್ಕಳಿಗೊಂದು, ಮದುವೆ ಆಗದ ಅಕ್ಕಂದಿರಿಗೊಂದು. ಹಿಟ್ಟು ನಾದೋ ಹೆಂಗಸರೂ ಕೈ ನಿಲ್ಲಿಸಿ ಕೇಳಿ, ಓ ಇಂಥೋರು ಹೋದ್ರು ಅಂತ ಲೆಕ್ಕ ಹಾಕ್ಬಿಡ್ತಾರೆ.

ಆದ್ರೆ ಹೋದ ಚಳಿಗಾಲದಲ್ಲಿ ಕೆಳಸ್ವರದ ದೊಡ್ಡ ಟ್ರಾಂಬೋನ್ ಊದೋನೇ ಊರು ಬಿಟ್ಟ. ಉಳಿದೋರು ಮೂರೇ ಜನ. ಊದೋರ ಮುಖ್ಯಸ್ಥ ಕ್ಲೇಟನಣ್ಣ, ಇನ್ನುಮೇಲೆ ರೆಕಾರ್ಡ್ ಹಾಕಿ ಸ್ಪೀಕರಲ್ಲಿ ಬಿಡೋಣ ಅಂದ. ಈ ಸುದ್ದಿ ಓರ್ಫಕ್ಕನ ಕಿವಿಗೆ ಬಿತ್ತು. ಡಾಕ್ಟ್ರು ಅವಳ ಎದೆ ಮೇಲೆ ಕೊಳವೆ ಇಟ್ಟು, ಇನ್ನು ಜಾಸ್ತಿ ದಿನ ಇಲ್ಲ ಅಂದಿದ್ದೂ ಅದೇ ವಾರ.

"ಡಬ್ಬ ಹಾಡಿದ್ರೆ ನಾನು ಹೋಗಲ್ಲ ಕಣೇ," ಅಂದ್ಲು ಓರ್ಫಕ್ಕ. "ಶವಪೆಟ್ಟಿಗೇಲೇ ಎದ್ದು ಕೂತ್ಕೋತೀನಿ."

"ಡಬ್ಬ ಹಾಡಲ್ಲ. ನಾನು ಊದ್ತೀನಿ," ಅಂದ್ಲು ವರ್ನಕ್ಕ.

ಬಾಯಿಂದ ಬಂದಿದ್ದೇ ತಡ, ಹೋಗಿ ಕ್ಲೇಟನಣ್ಣನ ಹತ್ರ ಕೇಳೇ ಬಿಟ್ಲು. ಅವನು ಮೇಲಿಂದ ಕೆಳಗೆ ನೋಡಿ, ಬಸ್ ಹಾರ್ನ್ ಬಿಟ್ಟು ಇನ್ನೇನಕ್ಕ ಊದಿದೀಯ ಅಂದನಂತೆ. ಮೂರು ರಾಗಾನೂ ನಿಲ್ಲಿಸದೇ ಊದಿ ತೋರಿಸು, ಈಸ್ಟರ್ ಆದ್ಮೇಲೆ ಸ್ಪೀಕರ್ ತರಿಸ್ತೀನಿ, ಅಷ್ಟರೊಳಗೆ ಆದ್ರೆ ಸರಿ, ಆಗದಿದ್ರೆ ಇಲ್ಲ ಅಂದ.

ಊದಿ ಕಲಿಯೋದೆಲ್ಲಿ? ರೂಮಲ್ಲಿ ಊದಿದ್ರೆ ಓರ್ಫಕ್ಕನಿಗೆ ನಿದ್ದೆ ಇಲ್ಲ. ಹಂಗಾಗಿ ಮಧ್ಯಾಹ್ನ ಕೆಲಸ ಮುಗಿಸಿ, ಅಣ್ಣಂದಿರ ಮನೆ ಅಟ್ಟ ಹತ್ತಿದ್ಲು. ಜನ ಆಡ್ಕೋತಾರೆ ಅಂತ ಯಾರಿಗೂ ಹೇಳಲಿಲ್ಲ. ಊರು ಬಿಟ್ಟೋನು ಬಿಟ್ಟುಹೋಗಿದ್ದ ದೊಡ್ಡ ಟ್ರಾಂಬೋನ್ ಪೆಟ್ಟಿಗೇನ ಹಳೇ ಪರದೆಗಳ ಕೆಳಗೆ ಬಚ್ಚಿಟ್ಲು.

ಆ ಅಟ್ಟ ಗಾಟ್ಲೋಬಣ್ಣಂದು. ಇನ್ನೂರು ವರ್ಷದ ಹಿಂದೆ, ಮದುವೆ ಆಗದ ಗಂಡಸರೆಲ್ಲ ಆ ಮನೇಲಿ, ಹೆಂಗಸರೆಲ್ಲ ಎದುರು ಮನೇಲಿ ಒಟ್ಟಿಗಿದ್ದ ಕಾಲದಲ್ಲಿ, ಅವನು ಕೆಳಸ್ವರ ಊದೋನಂತೆ. ಎದುರು ಮನೆ ರೋಸೀನಾನ ಮದುವೆ ಆಗ್ತೀನಿ ಅಂದ. ಹಿರಿಯರು ಪದ್ಧತಿ ಪ್ರಕಾರ ಪ್ರಾರ್ಥನೆ ಮಾಡಿ ಚೀಟಿ ಎತ್ತಿದ್ರು, ಬೇಡ ಅಂತ ಬಂತು. ಅವಳು ಜ್ವರದಲ್ಲಿ ಸತ್ತಾಗ, ನೀನು ಅಳ್ತೀಯ, ಊದೋದು ಬೇಡ ಅಂತ ಇವನನ್ನ ಅಟ್ಟದಲ್ಲಿ ಕೂಡಿಹಾಕಿದ್ರಂತೆ. ಅವಳಿಗೆ ಊದದ ರಾಗಾನ ಇವತ್ತಿಗೂ ಹುಡುಕ್ತಿದಾನೆ ಅನ್ನೋದು ಊರ ಮಾತು.

ವರ್ನಕ್ಕ ಅಟ್ಟ ಹತ್ತಿದ ಮೊದಲ ದಿನವೇ, "ಗಾಟ್ಲೋಬಣ್ಣ, ಸ್ವಲ್ಪ ಜರುಗು, ನಂಗೂ ಜಾಗ ಬೇಕು," ಅಂದ್ಲು. ಆಮೇಲೆ ಊದಿದ್ಲು ನೋಡಿ, ಕರು ಹಾಕೋ ಎಮ್ಮೆ ಥರ ಸದ್ದು. ಕೆಳಗೆ ಬೀದೀಲಿ ನಾಯಿಗಳು ಊಳಿಟ್ವು. ದೆವ್ವದ ಟೂರ್ ಮಾಡ್ಸೋ ಟಕರ್‌ಗಂತೂ ಹಬ್ಬ. ಗಾಟ್ಲೋಬಣ್ಣ ಎದ್ದಿದಾನೆ ಅಂತ ಹಗಲು ಟೂರೂ ಶುರು ಮಾಡ್ದ. ವರ್ನಕ್ಕನ ತುಟಿ ಒಡೀತು, ಉದ್ದ ಕೊಳವೆ ಎಳೆದೂ ಎಳೆದೂ ತೋಳು ಬಾತ್ಕೊಂತು. ಬೆಣ್ಣೆ ಹಚ್ಕೊಂಡು ಮರುದಿನ ಮತ್ತೆ ಹತ್ತಿದ್ಲು. ಮೊದಲನೇದು ಬಂತು, ಕೊನೇದೂ ಬಂತು. ಮಧ್ಯದ ಓರ್ಫಕ್ಕನ ರಾಗ ಮಾತ್ರ ಪ್ರತಿಸಲ ಅರ್ಧಕ್ಕೆ ಮುರೀತಿತ್ತು.

ಈಸ್ಟರ್ ಹಿಂದಿನ ವಾರ, ಒಂದಿನ ಸೆಕೆ ಅಂತ ಕಿಟಕಿ ತೆಗೆದು, ಆ ಮಧ್ಯದ ರಾಗಾನೇ ಹಿಡಿದ್ಲು. ಅವತ್ತು ಮುರೀಲಿಲ್ಲ. ಮೊದಲಿಂದ ಕೊನೆವರೆಗೂ ನೀಟಾಗಿ ಬಂತು. ಖುಷಿಗೆ ಇನ್ನೊಂದ್ಸಲ ಊದಿದ್ಲು.

ಬೀದಿ ನಿಂತುಹೋಯ್ತು. ಅಂಗಡಿಯೋನು ಟೋಪಿ ತೆಗೆದ. ಮದುವೆ ಆಗದ ಅಕ್ಕಂದಿರ ರಾಗ, ಅಂದ್ರೆ ಇನ್ಯಾರು? ಓರ್ಫಕ್ಕ ಹೋದ್ಲು ಅಂದ್ಕೊಂಡ್ರು ಎಲ್ಲರೂ. ಬೇಕರಿಯೋರು ಸಕ್ಕರೆ ಕೇಕ್ ಕಟ್ಟಿದ್ರು. ಒಬ್ಬಳು ಸಾವಿನ ಮನೆಗೆ ಅಂತ ಒಲೆ ಮೇಲಿದ್ದ ಸಾರನ್ನೇ ಪಾತ್ರೆ ಸಮೇತ ತಂದ್ಲು. ಕ್ಲೇಟನಣ್ಣ, ನನ್ನ ಕೇಳದೇ ಯಾರು ಊದಿದ್ದು ಅಂತ ಉರ್ಕೊಂಡು, ಕಪ್ಪು ಕೋಟು ಸಿಗಿಸ್ಕೊಂಡು ಬಂದು, ಎಲ್ಲರಿಗಿಂತ ಮುಂದೆ ನಿಂತು ಅಕ್ಕಂದಿರ ಮನೆ ಬಾಗಿಲು ತಟ್ಟಿದ.

ಬಾಗಿಲು ತೆಗೆದಿದ್ದು ಓರ್ಫಕ್ಕ.

"ಸತ್ತಿದೀನಾ?" ಅಂದ್ಲು ಕೇಕ್ ನೋಡಿ. "ನಂಗ್ಯಾರೂ ಹೇಳಲೇ ಇಲ್ವಲ್ಲ."

ಯಾರೂ ನಗಲಿಲ್ಲ. ಟಕರ್ ಮೆಲ್ಲಗೆ, ಇದು ಗಾಟ್ಲೋಬಣ್ಣ ಕೊಟ್ಟ ಮುನ್ಸೂಚನೆ ಅಂದ. ಓರ್ಫಕ್ಕ ಬಾಗಿಲ ಚಿಲಕವನ್ನ ಎರಡೂ ಕೈಲಿ ಹಿಡ್ಕೊಂಡ್ಲು. ಅಷ್ಟೊತ್ತಿಗೆ ವರ್ನಕ್ಕ ಗದ್ದಲ ಕೇಳಿ ಟ್ರಾಂಬೋನ್ ಹಿಡ್ಕೊಂಡೇ ಇಳಿದು ಬಂದಿದ್ಲು, ಗುಂಪಿನ ಹಿಂದೇನೇ ನಿಂತಿದ್ಲು. ಬಾಯಿ ಮುಚ್ಕೊಂಡಿದ್ರೆ ಪಾಪವೆಲ್ಲ ದೆವ್ವದ ತಲೆಗೆ. ಬಾಯಿ ಬಿಟ್ರೆ ಕ್ಲೇಟನಣ್ಣ ಬಿಡಲ್ಲ, ಬದುಕಿರೋರಿಗೆ ಸಾವಿನ ರಾಗ ಊದೋದು ನಮ್ಮಲ್ಲಿ ಇಲ್ಲವೇ ಇಲ್ಲ. ಆದ್ರೆ ಚಿಲಕ ಹಿಡಿದ ಆ ಕೈಗಳನ್ನ ನೋಡಿದ್ಮೇಲೆ ಅವಳು ಯೋಚಿಸಲಿಲ್ಲ.

"ಮುನ್ಸೂಚನೆ ಅಲ್ಲ ಅಕ್ಕ, ನಾನೇ. ಕಿಟಕಿ ಮುಚ್ಚೋದು ಮರೆತೆ."

ಓರ್ಫಕ್ಕ ಉಸಿರು ಬಿಟ್ಲು. "ನಾನೂ ಅಂದ್ಕೊಂಡೆ. ಇನ್ನೂರು ವರ್ಷ ಊದಿದೋನು ಇಷ್ಟು ದಿನ ಎಮ್ಮೆ ಥರ ಊದ್ತಿರಲಿಲ್ಲ."

ಕ್ಲೇಟನಣ್ಣನ ಮುಖ ಕೆಂಪಾಯ್ತು. ಇಂಥ ಕೆಲಸ ಮಾಡ್ದೋಳು ಗೋಪುರ ಹತ್ತೋದು ಬೇಡ, ಸ್ಪೀಕರೇ ವಾಸಿ ಅಂದ. ವರ್ನಕ್ಕ ತಲೆ ಬಗ್ಗಿಸಲಿಲ್ಲ. ಮೂರೂ ಊದಿ ತೋರಿಸು ಅಂದಿದ್ದು ನೀನೇ, ಕೇಳಿ ಆಮೇಲೆ ಬೇಡ ಅನ್ನು ಅಂದ್ಲು. ಈ ಅಕ್ಕನ ಮುಂದೆ ಹೆಂಗೆ ಊದ್ತೀಯ, ಅವಳಿನ್ನೂ ಬದುಕಿದಾಳೆ ಅಂತ ಅವನು.

ಓರ್ಫಕ್ಕ ಒಂದು ಕುರ್ಚಿ ಎಳ್ಕೊಂಡು ಹೊಸ್ತಿಲಲ್ಲೇ ಕೂತ್ಲು.

"ರಾಗ ನಂದು ಕ್ಲೇಟನ್. ನಾನು ಕೇಳ್ತೀನಿ. ಗಾಟ್ಲೋಬನಿಗೆ ಊದೋಕೆ ಬಿಡಲಿಲ್ಲ, ಇವತ್ತಿಗೂ ಕಾಡ್ತಿದಾನೆ ಅಂತೀರ. ಇವಳನ್ನೂ ಬಿಡಬೇಡಿ, ಅಟ್ಟದಲ್ಲಿ ಎರಡು ದೆವ್ವ ಆಗತ್ತೆ."

ಈಗ ಜನ ನಕ್ಕರು. ಕ್ಲೇಟನಣ್ಣ ನಗಲಿಲ್ಲ, ಆದ್ರೆ ಹೋಗಿ ತನ್ನ ಟ್ರಾಂಬೋನ್ ತಂದ. ಉಳಿದಿಬ್ಬರೂ ಬಂದ್ರು. ನಾಲ್ಕೂ ಜನ ಅಂಗಳದಲ್ಲಿ ನಿಂತ್ರು. ಮೊದಲನೇದಾಯ್ತು. ಓರ್ಫಕ್ಕನ ರಾಗದಲ್ಲಿ ವರ್ನಕ್ಕನ ತುಟಿ ಮತ್ತೆ ಒಡೆದು ರಕ್ತ ಬಂತು, ಒರೆಸ್ಕೊಳ್ಳಲಿಲ್ಲ. ಕೊನೇದರಲ್ಲಿ ಒಂದು ಸ್ವರ ಜಾರಿ ಎಮ್ಮೆ ಇಣುಕ್ತು. ಅವಳು ನಿಲ್ಲಿಸಲಿಲ್ಲ, ಹಿಡ್ಕೊಂಡು ಕೊನೆ ಮುಟ್ಟಿಸಿದ್ಲು. ಓರ್ಫಕ್ಕ ಕಣ್ಣು ಮುಚ್ಕೊಂಡು ಕೇಳಿದ್ಲು. ಮುಗಿದ್ಮೇಲೂ ಸ್ವಲ್ಪ ಹೊತ್ತು ಕಣ್ಣು ತೆರೀಲಿಲ್ಲ, ಎಲ್ಲರಿಗೂ ಎದೆ ಧಸಕ್ ಅಂತು. ಆಮೇಲೆ ಒಂದು ಕಣ್ಣು ತೆಗೆದು, ಕೇಕ್ ಕೊಯ್ಯಿ ಅಂದ್ಲು.

ಕ್ಲೇಟನಣ್ಣ ಚೆನ್ನಾಗಿತ್ತು ಅಂತ ಹೇಳೋ ಪೈಕಿ ಅಲ್ಲ. "ಕೊಳವೆ ಕಿರ್ ಅಂತಿದೆ," ಅಂದ. "ಶನಿವಾರ ಎಲ್ಲರ ಜೊತೆ ಪ್ರಾಕ್ಟೀಸಿಗೆ ಬಾ. ಎಣ್ಣೆ ಹಾಕ್ಕೊಂಡು ಬಾ."

ಓರ್ಫಕ್ಕನ ಸಾವಿನ ಕೇಕನ್ನ ಓರ್ಫಕ್ಕನೇ ಎರಡು ತುಂಡು ತಿಂದ್ಲು. ಸಂಜೆ ವರ್ನಕ್ಕ ಅಟ್ಟ ಹತ್ತಿ ಕಿಟಕಿ ಮುಚ್ಚಿ, ಪರದೆ ಕೆಳಗಿದ್ದ ಪೆಟ್ಟಿಗೆ ತಗೊಂಡು, ಎಲ್ಲರೂ ನೋಡೋ ಹಂಗೆ ಬೀದಿ ಮಧ್ಯದಲ್ಲೇ ಹಿಡ್ಕೊಂಡು ನಡೆದ್ಲು. ರೂಮಿಗೆ ಬಂದು, ಮಂಚದ ಮೇಲೆ ಹಳೇ ಟವೆಲ್ ಹಾಸಿ, ಕೊಳವೆ ಬಿಚ್ಚಿ, ಎಣ್ಣೆ ಹಾಕಿದ್ಲು.