ಚಂದ್ರಿ ಒದ್ದದ್ದು ಯಾಕೆ

ಆಡೂರಿನಲ್ಲಿ ಯಾರ ಎಮ್ಮೆ ತೊರೆ ಬಿಡದಿದ್ದರೂ ಶೇಖವ್ವನನ್ನು ಕರೆಯುತ್ತಿದ್ದರು. ಅವಳು ಪಕ್ಕದಲ್ಲಿ ಕುಂತು, ಅದರ ಹೊಟ್ಟೆಗೆ ಹಣೆಯಾನಿಸಿ ಏನೋ ಗುನುಗಿದರೆ ಎಂಥ ಹಟಮಾರಿಯೂ ಹಾಲಿಳಿಸುತ್ತಿತ್ತು. ಅವಳದೇ ಎಮ್ಮೆ ಚಂದ್ರಿಯಂತೂ ಅವಳ ದನಿ ಕೇಳಿದರೆ ಕೊರಳು ಚಾಚುತ್ತಿತ್ತು.

ಐವತ್ತು ದಾಟಿದ ಮೇಲೆ ಬೆರಳ ಗಿಣ್ಣು ಬಾತು, ಹಿಂಡುವುದು ಕಷ್ಟವಾಯಿತು. ಅವರ ಹೊಲದ ಮನೆಗೆ ಕರೆಂಟಿನ ಕಂಬ ಬಂದಿರಲಿಲ್ಲ. ಗಂಡ ಫಕ್ಕೀರಪ್ಪ ಕೊಟ್ಟಿಗೆಯ ತಗಡಿನ ಮೇಲೆ ಸೋಲಾರ್ ಹಾಕಿಸಿ, ಇನ್ವರ್ಟರ್ ತಂದು, ಹಾಲು ಕರೆಯುವ ಮಷಿನ್ ಕೂರಿಸಿದ. ವೈರಿಂಗ್ ಮಾಡಲು ಹಾನಗಲ್ಲಿನಿಂದ ಇಸ್ಮಾಯಿಲಸಾಬ ಬಂದಿದ್ದ.

“ಅಕ್ಕಾರ, ಇನ್ವರ್ಟರಿಗೂ ಮಷಿನ್ನಿಗೂ ನಡುವ ಒಂದು ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ಇಡೂಣು. ಅದರಾಗ ಎರಡು ಸುತ್ತು ಬ್ಯಾರೆಬ್ಯಾರೆ ಇರ್ತಾವ. ಆಕಡೆ ಕರೆಂಟು ಈಕಡೆ ಸೋರಂಗಿಲ್ಲ.”

“ಎಷ್ಟು ದೊಡ್ಡದು?”

ಅವನು ಕೈಯಗಲಿಸಿ ತೋರಿಸಿದ. ಹಿಂಡಿ ಚೀಲ ಇಡುವ ಮೂಲೆ ಪೂರಾ ಅದಕ್ಕೇ ಹೋಗುತ್ತಿತ್ತು.

“ಅಷ್ಟು ದೊಡ್ಡದು ಬ್ಯಾಡ. ಅಟ್ಟದ ಮ್ಯಾಲೆ ಹಳೇ ಸ್ಟೆಬಿಲೈಜರ್ ಐತಲ್ಲ, ಅದನ್ನ ಹಾಕಪಾ.”

“ಅದರಾಗ ಸುತ್ತು ಒಂದೇ ಐತ್ರಿ. ಸೋರೋದು ತಡಿಯಂಗಿಲ್ಲ.”

“ನಡೀತೈತಿ, ಹಾಕು.”

ಅವನು ಅಟ್ಟ ಹತ್ತಿ ಸ್ಟೆಬಿಲೈಜರ್ ಇಳಿಸಿದ.

ಮಷಿನ್ ಚೆನ್ನಾಗಿಯೇ ಓಡಿತು. ಆದರೆ ಚಂದ್ರಿ ಮೇವಿನ ಗೋದಲಿಗೆ ಬಾಯಿ ಇಟ್ಟಂತೆ ಮಾಡಿ ತೆಗೆಯತೊಡಗಿತು. ಹಾಲು ಕರೆಯುವಾಗ ಕಾಲು ಎತ್ತೆತ್ತಿ ಇಟ್ಟಿತು, ಆಮೇಲೆ ಒದ್ದೇ ಬಿಟ್ಟಿತು. ಶೇಖವ್ವ ಗುನುಗಿದಳು, ಮೈ ತಿಕ್ಕಿದಳು, ಹಿಂಗಾಲಿಗೆ ಹಗ್ಗ ಕಟ್ಟಿದಳು. ಒಂದು ಮುಂಜಾನೆ ತುಂಬಿದ ಹಾಲು ಚೆಲ್ಲಿಹೋದಾಗ ಬಡಿಗೆ ತಗೊಂಡು ಬಾರಿಸಿದಳು. ಊರ ಎಮ್ಮೆಗಳನ್ನೆಲ್ಲ ಒಲಿಸಿದವಳಿಗೆ ತನ್ನದೇ ಒಲಿಯದ್ದು ಸಹಿಸಲಾಗಲಿಲ್ಲ. ಒದೆಯುವ ಎಮ್ಮೆ ಎಂದು ಹೇಳಿಯೇ ಅದನ್ನು ಹತ್ತಿಮತ್ತೂರಿನ ವೀರವ್ವನಿಗೆ ಮಾರಿದಳು.

ಅದರ ಜಾಗಕ್ಕೆ ತಂದ ಎಮ್ಮೆಯೂ ವಾರ ಕಳೆಯುವುದರೊಳಗೆ ಕಾಲು ಎತ್ತತೊಡಗಿತು. ಒಂದು ದಿನ ಕೊಟ್ಟಿಗೆ ತೊಳೆಯುವಾಗ ಶೇಖವ್ವನ ಚಪ್ಪಲಿ ಕಿತ್ತಿತು. ಹಸಿ ನೆಲದ ಮೇಲೆ ಬರಿಗಾಲಲ್ಲಿ ನಿಂತು ಕಬ್ಬಿಣದ ಗೋದಲಿಗೆ ಕೈ ಹಾಕಿದಳು. ಕರೆಂಟು ಜುಮ್ಮೆಂದು, ಮೊಣಕೈತನಕ ಕೆಂಜಿಗ ಹರಿದಂತಾಯಿತು. ಅವಳು ಅಲ್ಲೇ ಕುಸಿದು ಕುಂತಳು. ನೋವಿಗಲ್ಲ, ಬಡಿಗೆ ನೆನಪಾಗಿ.

ಇಸ್ಮಾಯಿಲಸಾಬ ಬಂದು ಮೀಟರ್ ಹಚ್ಚಿ ನೋಡಿದ. “ಗೋದಲಿಗೆ ಕರೆಂಟು ಸೋರಾಕತ್ತೈತ್ರಿ. ನಮಗ ಚಪ್ಲಿ ಇರ್ತಾವ, ಗೊತ್ತಾಗಂಗಿಲ್ರಿ. ದನದ್ದು ನಾಕೂ ಕಾಲು ಹಸಿಯಾಗ. ನಾನರ ಅವತ್ತ ಗಟ್ಟಿ ಹಿಡಿಬೇಕಿತ್ತು.”

“ನೀ ಹೇಳಿದ್ದಿ. ಕೇಳದಾಕಿ ನಾನು,” ಎಂದಳು.

ಈ ಸಲ ಟ್ರಾನ್ಸ್‌ಫಾರ್ಮರ್ ತರಲು ಅವಳೇ ಅವನ ಜೊತೆ ಹಾನಗಲ್ಲಿನ ಅಂಗಡಿಗೆ ಹೋದಳು. ಮೋಟಾರು ಚಾಲೂ ಆಗುವಾಗ ಹೆಚ್ಚು ಎಳೆಯುತ್ತದೆಂದು ಅವನು ಮಷಿನ್ನಿಗೆ ಬೇಕಾದದ್ದಕ್ಕಿಂತ ದೊಡ್ಡದನ್ನೇ ಆರಿಸಿದ. ಎರಡೂ ಸುತ್ತು ಬೇರೆಯಿವೆಯೆಂದು ಮೀಟರಿನಲ್ಲಿ ತೋರಿಸುವವರೆಗೆ ಶೇಖವ್ವ ಅಂಗಡಿಯಿಂದ ಕದಲಲಿಲ್ಲ. ಅದನ್ನು ಕೂರಿಸಿ, ಗೋದಲಿಗೆ ಅರ್ಥಿಂಗ್ ಕೊಟ್ಟ ದಿನವೇ ಹೊಸ ಎಮ್ಮೆ ತಣ್ಣಗೆ ನಿಂತಿತು. ಅದು ನಿಂತದ್ದು ನೋಡಿ ಅವಳಿಗೆ ಇನ್ನಷ್ಟು ಸಂಕಟವಾಯಿತು.

ಮರುದಿನ ಗಂಡನನ್ನು ಕರಕೊಂಡು ಹತ್ತಿಮತ್ತೂರಿಗೆ ಹೋದಳು. ಬೇವಿನ ನೆರಳಲ್ಲಿ ವೀರವ್ವನ ಸೊಸೆ ಚಂದ್ರಿಯ ಹಾಲು ಹಿಂಡುತ್ತಿದ್ದಳು. ಕಾಲಿಗೆ ಹಗ್ಗವಿರಲಿಲ್ಲ.

“ಇಷ್ಟು ಸಾಧು ಎಮ್ಮಿಗೆ ಒದಿತೈತಿ ಅಂದ್ರಲ್ಲ,” ಎಂದು ವೀರವ್ವ ನಕ್ಕಳು. ಶೇಖವ್ವ ನಡೆದದ್ದು ಹೇಳಿ, ತಿರುಗಿ ಕೊಡ್ರಿ ಎಂದು ಕೇಳಿದಳು. ವೀರವ್ವ ಸೊಸೆಯ ಕಡೆ ನೋಡಿದಳು.

“ಬ್ಯಾಡ್ರಿ ಅಕ್ಕಾರ. ನಮ್ಮ ಸೊಸಿ ಕೈಗೆ ಹೊಂದೇತಿ. ಮತ್ತ ಜಾಗ ಬದಲಿಸೋದು ಬ್ಯಾಡ.”

ಅದು ನ್ಯಾಯವೇ ಆಗಿತ್ತು. ಶೇಖವ್ವ ಹತ್ತಿರ ಹೋಗಿ, ಹಣೆ ಸವರಲೆಂದು ಕೈ ಎತ್ತಿದಳು. ಚಂದ್ರಿ ಕಣ್ಣು ಮುಚ್ಚಿ, ಕೊರಳ ಹಗ್ಗ ಬಿಗಿಯುವಷ್ಟು ಹಿಂದೆ ಸರಿಯಿತು. ಅವಳು ಕೈ ಇಳಿಸಿದಳು.

ದಾರಿಯಲ್ಲಿ ಫಕ್ಕೀರಪ್ಪ, “ಗೊತ್ತಿಲ್ಲದ ಆಗಿದ್ದು, ಬಿಡು,” ಎಂದ.

“ಗೊತ್ತಿಲ್ಲ ಅಂದ್ಮ್ಯಾಲೆ ಹೊಡಿಬಾರದಿತ್ತು,” ಎಂದಳು ಶೇಖವ್ವ.

ಈಗಲೂ ಊರಲ್ಲಿ ಎಮ್ಮೆ ತೊರೆ ಬಿಡದಿದ್ದರೆ ಜನ ಕರೆಯಲು ಬರುತ್ತಾರೆ. ಅವಳು ಹೋಗುತ್ತಾಳೆ. ಎಮ್ಮೆಯ ಬಳಿ ಕೂರುವ ಮೊದಲು ಚಪ್ಪಲಿ ಕಳಚಿ, ನೆಲಕ್ಕೆ ನೀರು ಹೊಯ್ದು, ಗೋದಲಿ ಮುಟ್ಟಿ ನೋಡುತ್ತಾಳೆ.