ಮಸಿಗೈ ಕೆಜಾಯಾ

ಕ್ವಿನ್ಸೆಟ್ ಬಂದರಿನಲ್ಲಿ ಕೆಜಾಯಾ ಟಿಲ್ಸನ್ ಎಂದರೆ ಮಸಿಗೈಯವಳೆಂದೇ ಗುರುತು. ಎಷ್ಟು ಬೂದಿ ಹಾಕಿ ತಿಕ್ಕಿದರೂ ಭಾನುವಾರದ ಪ್ರಾರ್ಥನೆಗೆ ಉಗುರುಸಂದಿಯ ಕಪ್ಪೂ ಜೊತೆಗೇ ಬರುತ್ತಿತ್ತು.

ಶಾಲೆಯ ಹೊಸ್ತಿಲು ತುಳಿದವಳಲ್ಲ. ವಾರಪತ್ರಿಕೆ ಅಚ್ಚುಹಾಕುತ್ತಿದ್ದ ಗಂಡ ಜೇಬೆಜ್‌ನ ಪಕ್ಕ ನಿಂತು ಸೀಸದ ಅಚ್ಚುಮೊಳೆ ಜೋಡಿಸುತ್ತ ಜೋಡಿಸುತ್ತ ಅಕ್ಷರ ಕಲಿತಳು. ಮೊಳೆಯ ಮೇಲಿನ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ, ಜೋಡಿಸುವುದೂ ತಲೆಕೆಳಗಾಗಿ. ಅವಳಿಗೆ ಬಂದದ್ದೂ ಅದೊಂದೇ. ಕಾಗದದ ಮೇಲೆ ನೆಟ್ಟಗೆ ನಿಂತ ಅಕ್ಷರ ಅವಳ ಪಾಲಿಗೆ ಇರುವೆ ಸಾಲು. ಬೈಬಲನ್ನು ಜೇಬೆಜನೇ ಓದಿ ಹೇಳಬೇಕಿತ್ತು.

ಸಿಪಾಯಿಗಳಿಗೆ ಹುಳ ಹಿಡಿದ ಹಿಟ್ಟು ಹಂಚಿದ ಸುದ್ದಿ ಅಚ್ಚಾದದ್ದೇ ತಡ, ಗವರ್ನರ್ ಜೇಬೆಜನನ್ನು ಜೈಲಿಗೆ ಹಾಕಿಸಿದ. ಆದರೂ ಗುರುವಾರ ಪತ್ರಿಕೆ ಬಂತು. ಮುಂದಿನ ಗುರುವಾರವೂ ಬಂತು. ಜೈಲಿಗೆ ರೊಟ್ಟಿ ಒಯ್ದಾಗ ಬಾಗಿಲ ಸಂದಿಯಿಂದ ಗಂಡ ಪಿಸುಗುಟ್ಟಿದ್ದನ್ನೆಲ್ಲ ಕೆಜಾಯಾ ತಲೆಯಲ್ಲಿ ಹೊತ್ತು ತಂದು, ನೇರ ಮೊಳೆಗೆ ಇಳಿಸುತ್ತಿದ್ದಳು. ಬರೆದ ಚೀಟಿ ಒಂದೂ ಇರಲಿಲ್ಲ.

ಮೂರನೆಯ ವಾರ ಗವರ್ನರನ ಅಪ್ಪಣೆ ಹೊತ್ತು ಷರೀಫ ಎಲ್ನಾಥನ್ ಪೆಕ್ ಗಾಡಿ ಸಮೇತ ಬಂದ.

"ನೋಡಮ್ಮಾ, ನಿಂಗೆ ಓದೋಕೆ ಬರುತ್ತೆ ಅಂತಾದ್ರೆ ಪತ್ರಿಕೆ ನಿಂದೇ ಕೆಲಸ, ಅಚ್ಚಿನ ಯಂತ್ರ ಇವತ್ತೇ ಗಾಡಿಗೆ. ಬೈಬಲ್ ಮುಟ್ಟಿ ಹೇಳು."

"ಓದ್ಸೇ ನೋಡ್ಬಿಡಿ, ಷರೀಫಪ್ಪಾ."

ಅವನು ಹೊಸ ಹಾಳೆಯನ್ನು ಮುಂದಿಟ್ಟ. ಒಂದೇ ಮಗ್ಗುಲು ಅಚ್ಚಾಗಿತ್ತು. ಹಾಳೆಯನ್ನು ಮಗುಚಿ, ತಲೆಕೆಳಗು ಮಾಡಿ ಕಿಟಕಿಗೆ ಹಿಡಿದರೆ ಬೆಳಕಿನಲ್ಲಿ ಗಡಗಡ ಓದಿಬಿಡುತ್ತಿದ್ದಳು. ಕೈ ತುರಿಸಿತು. ಕೈಯನ್ನು ಏಪ್ರನ್ ಒಳಗೆ ತೂರಿಸಿ, ಹಾಳೆಯನ್ನು ಬಗ್ಗಿ ನೋಡಿದಳು.

"ಇದೇನ್ ಮೇಕೆ ಕೊಂಬಾ? ಇದು ಮುರ್ದೋದ ಕುರ್ಚಿ ಇದ್ದಂಗಿದೆ. ದೇವರಾಣೆ, ಒಂದಕ್ಷರಾನೂ ಗೊತ್ತಾಗ್ತಿಲ್ಲ."

ಪೆಕ್ ಹೊಟ್ಟೆ ಕುಲುಕಿಸಿ ನಕ್ಕ. "ಹಿಟ್ಟು ನಾದೋಳನ್ನ ಪರೀಕ್ಷೆ ಮಾಡೋಕೆ ನನ್ನ ಕಳಿಸಿದಾರಲ್ಲ, ಅವರಿಗೆ ಹೇಳ್ಬೇಕು!"

ಜೋಡಿಸಿದ್ದು ನೀನಾ ಎಂದು ಕೇಳಿದ್ದರೆ ಹೌದು ಎಂದೇ ಹೇಳುತ್ತಿದ್ದಳು, ಸುಳ್ಳು ಆಡಿದವಳಲ್ಲ. ಅವನು ಕೇಳಲಿಲ್ಲ. ಖಾಲಿ ಗಾಡಿ ಗಡಗಡಿಸುತ್ತ ಹೋಯಿತು.

ಕೆಜಾಯಾ ಮೊದಲು ಮಾಡಿದ ಕೆಲಸ, ಹಾಳೆ ಮಗುಚಿ ಕಿಟಕಿಗೆ ಹಿಡಿದದ್ದು. ಮೂರನೇ ಸಾಲಿನಲ್ಲಿ ಒಂದಕ್ಷರ ಬಿಟ್ಟುಹೋಗಿತ್ತು. ಲೊಚಗುಟ್ಟಿದಳು.

ಎಲೆ ಉದುರುವ ಕಾಲಕ್ಕೆ ಜೇಬೆಜ್ ಮನೆಗೆ ಬಂದ. ಅಷ್ಟೂ ಗುರುವಾರಗಳ ಪತ್ರಿಕೆ ಮೇಜಿನ ಮೇಲಿತ್ತು. ಒಂದೊಂದನ್ನೇ ತಿರುವಿ ಹಾಕಿದ. ಕೊನೆಗೆ, "ಬಾರೇ, ಇನ್ನಾದ್ರೂ ನೆಟ್ಟಗೆ ಓದೋದು ಕಲಿಸ್ತೀನಿ" ಎಂದ.

"ಬೇಡಪ್ಪಾ," ಎಂದಳು, ಮೊಳೆ ಹುಡುಕುತ್ತಲೇ. "ಗವರ್ನರ್ ಇನ್ನೂ ಗಟ್ಟಿಮುಟ್ಟಾಗಿದಾನೆ."