ಬೈಗುಳ ಇಷ್ಟಪಡುತ್ತಿದ್ದ ಸಿಸ್ಟರ್

ಮೂತ್ರದ ಸೋಂಕಾಗಿ ಹಡಪಸರದ ಆಸ್ಪತ್ರೆಯೊಂದರಲ್ಲಿ ಮಲಗಿದ್ದಾಗ ನನ್ನನ್ನು ನೋಡಿಕೊಳ್ಳುತ್ತಿದ್ದ ಸಿಸ್ಟರ್ ಕಲಬುರಗಿ ಕಡೆಯವರು. ಇಡೀ ವಾರ್ಡನ್ನು ಮರಾಠಿಯಲ್ಲಿ ಗದರಿಸಿಕೊಂಡು ಬರುವವರು ನನ್ನ ಮಂಚದ ಹತ್ತಿರ ಕನ್ನಡಕ್ಕೆ ತಿರುಗುತ್ತಿದ್ದರು. ಉಡುಪಿ ಹೋಟೆಲಿನವನಾದ ನನಗೆ ಅಲ್ಲಿಯ ಚಹಾ ಕುಡಿಯುವುದೆಂದರೆ ಅವಮಾನ.

“ಇದೆಂಥ ಚಾ ಸಿಸ್ಟರ್? ಪಾತ್ರೆ ತೊಳೆದ ನೀರಾ?” ಎಂದು ದಿನವೂ ರೇಗುತ್ತಿದ್ದೆ.

“ಬೈರಿ ಅಣ್ಣಾರ, ಜೋರಾಗಿ ಬೈರಿ,” ಎಂದು ಅವರು ದಿಂಬು ತಟ್ಟುತ್ತ ನಗುತ್ತಿದ್ದರು. ಆ ನಗು ಕಂಡರೆ ನನಗೆ ಇನ್ನೂ ಸಿಟ್ಟು.

ಒಂದು ಬೆಳಿಗ್ಗೆ ಮೈಯೆಲ್ಲ ಸೋತು ಹೋಗಿತ್ತು. ಮುಂದಿನದನ್ನು ಪಕ್ಕದ ಮಂಚದವರು ಹೇಳಿ ತಿಳಿಯಿತು. ನಾನು ಒಂದು ಗುಟುಕು ಕುಡಿದು, “ಚಾ ಚೆನ್ನಾಗಿದೆ,” ಎಂದೆನಂತೆ.

ಸಿಸ್ಟರ್ ಮುಖದ ನಗು ಅಲ್ಲೇ ನಿಂತಿತಂತೆ. ತಣ್ಣಗಾಗಿದ್ದ ನನ್ನ ಕೈ ಹಿಡಿದರು, ವಾಚು ನೋಡುತ್ತ ಉಸಿರು ಎಣಿಸಿದರು, ಬಿ.ಪಿ. ನೋಡಿದರು. “ಡಾಕ್ಟರ್, ಲವಕರ ಯಾ!” ಎಂದು ಮರಾಠಿಯಲ್ಲಿ ಬೇಗ ಬರಲು ಕೂಗುತ್ತ ಬಾಗಿಲಿಗೆ ಓಡಿದರು. ಸೋಂಕು ರಕ್ತಕ್ಕೆ ಇಳಿದಿತ್ತು. ಪರೀಕ್ಷೆಗೆ ರಕ್ತ ತೆಗೆದು, ಆಂಟಿಬಯಾಟಿಕ್, ಸಲೈನ್ ಹಚ್ಚಿ, ನನ್ನನ್ನು ಐಸಿಯುಗೆ ಸಾಗಿಸಿದರು.

ಅಲ್ಲಿಂದ ವಾರ್ಡಿಗೆ ಮರಳಿದ ದಿನ ಸಿಸ್ಟರ್ ಅದೇ ಚಹಾ ಕೊಟ್ಟು, ನಗದೆ, ನನ್ನ ಬಾಯನ್ನೇ ನೋಡುತ್ತ ನಿಂತರು. ಒಂದು ಗುಟುಕು ಕುಡಿದೆ. ಥೂ!

“ಸಿಸ್ಟರ್, ಇದನ್ನು ಮಾಡಿದವನನ್ನು ಮೊದಲು ಐಸಿಯುಗೆ ಹಾಕಿ!”

ಅವರು ಕಣ್ಣೊರೆಸಿಕೊಂಡು, ಇಡೀ ವಾರ್ಡಿಗೆ ಕೇಳುವ ಹಾಗೆ ಕೂಗಿದರು: “ಅಣ್ಣಾರು ಆರಾಮ ಆದ್ರು ನೋಡ್ರಿ!”